ಇರುವ ಹೊಂಡಗಳನ್ನು ಮೊದಲು ನಡೆಸಿ: ನಮ್ಮೂರ ಪುರಸಭೆಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು, ಸರ್ವ ಸದಸ್ಯರು ಹಾಗೂ ಮುಖ್ಯಾಧಿಕಾರಿಗಳು,
ನಮ್ಮೂರ ಪುರಸಭೆ, ಹಾವೇರಿ ಜಿಲ್ಲೆ

ವಿಷಯ: ಕೊಳಚೆ ನೀರು ಶುದ್ಧೀಕರಣ ಹೊಂಡಗಳ ಹೂಳು ತೆಗೆಸುವುದು, ಕೊಳಚೆ ಕೂಡಿಸಿ ಪಂಪ್ ಮಾಡುವ ಬಾವಿಯಾದ ವೆಟ್‌ವೆಲ್‌ನಿಂದ ನೇರ ಹಳ್ಳಕ್ಕಿರುವ ಬೈಪಾಸ್ ಬಂದ್ ಮಾಡಿಸುವುದು ಹಾಗೂ ಸರಿಯಾದ ಅಳತೆ ಆಗುವವರೆಗೆ ಹೊಸ ಯಾಂತ್ರಿಕ ಘಟಕದ ಪ್ರಸ್ತಾವವನ್ನು ತಡೆಹಿಡಿಯುವ ಕುರಿತು

ಮಾನ್ಯರೇ,

ಊರ ಹೊರಗಿನ ಶುದ್ಧೀಕರಣ ಘಟಕ ಹಳೇ ಪದ್ಧತಿಯದು, ಇನ್ನು ಕೆಲಸಕ್ಕೆ ಬಾರದು ಎಂಬ ಕಾರಣ ಕೊಟ್ಟು, ಅದೇ ಜಾಗದಲ್ಲಿ ಎಸ್‌ಬಿಆರ್ ಮಾದರಿಯ, ಅಂದರೆ ತೊಟ್ಟಿಯಲ್ಲಿ ಸರದಿಯಂತೆ ಕೊಳಚೆ ತುಂಬಿ ಯಂತ್ರದಿಂದ ಗಾಳಿ ಊದಿ ಶುದ್ಧೀಕರಿಸುವ, ಯಾಂತ್ರಿಕ ಘಟಕ ಕಟ್ಟಲು ಡಿಪಿಆರ್ (ವಿವರವಾದ ಯೋಜನಾ ವರದಿ) ಮಾಡಿಸುವ ಮಾತು ತಮ್ಮ ಸಾಮಾನ್ಯ ಸಭೆಯಲ್ಲಿ ಬಂದಿದೆ. ಘಟಕದಿಂದ ಹಳ್ಳಕ್ಕೆ ಬೀಳುವ ನೀರು ಹೊಲಸಾಗಿದೆ ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಅದಕ್ಕೆ ಹೊಂಡಗಳ ಪದ್ಧತಿ ಕಾರಣವಲ್ಲ. ಕಟ್ಟಿದ ಮೇಲೆ ಆ ಹೊಂಡಗಳನ್ನು ನಡೆಸಲೇ ಇಲ್ಲ. ನಡೆಸದೆ ಕೆಟ್ಟದ್ದನ್ನು ಕಿತ್ತು ಇನ್ನೊಂದು ಕಟ್ಟಿದರೆ ಅದೂ ಇದೇ ಕಾರಣಕ್ಕೆ ಕೆಡುತ್ತದೆ. ಅದು ಇದಕ್ಕಿಂತ ಬೇಗ ಕೆಡುತ್ತದೆ ಎಂಬುದೇ ನಮ್ಮ ಆತಂಕ. ಈ ಪತ್ರಕ್ಕೆ ಸಹಿ ಮಾಡಿದ ನಮ್ಮಲ್ಲಿ ಕೆಲವರು ಒಳಚರಂಡಿ, ಪಂಪ್‌ಹೌಸ್ ಕೆಲಸ ಬಲ್ಲವರು, ಉಳಿದವರು ಹಳ್ಳದ ದಂಡೆಗೆ ಹೊಲ ಇರುವ ರೈತರು.

ಘಟಕದಲ್ಲಿ ಈಗ ಕಣ್ಣಿಗೆ ಬೀಳುವ ಸ್ಥಿತಿಯನ್ನು ಮೊದಲು ದಾಖಲಿಸುತ್ತೇವೆ. ಒಳಬರುವ ನೀರಿನ ದಾರಿಗೆ ಹಾಕಿದ ಕಬ್ಬಿಣದ ಜಾಲರಿಯ ಸರಳುಗಳು ಬಾಗಿ, ನಡುವೆ ಕೈ ತೂರುವಷ್ಟು ಸಂದಿ ಬಿದ್ದಿದೆ. ಜಾಲರಿಯ ಮುಂದಿನ ಮರಳು ಕೂರುವ ಕಾಲುವೆ ತುಂಬಿ ಗಟ್ಟಿಯಾಗಿದೆ. ಅಕ್ಕಪಕ್ಕದ ಎರಡು ಆಳದ ಹೊಂಡಗಳಲ್ಲಿ, ಅಂದರೆ ಗಾಳಿಯಿಲ್ಲದೆ ಕೊಳೆಯುವ ಮೊದಲ ಹಂತದಲ್ಲಿ, ಹೂಳು ನೀರಿನ ಮೇಲೆ ದಿಬ್ಬವಾಗಿ ಎದ್ದು ಅದರ ಮೇಲೆ ಜೊಂಡು ಬೆಳೆದಿದೆ. ಒಳಬಂದ ನೀರು ಇಡೀ ಹೊಂಡದಲ್ಲಿ ಹರಡುವುದಿಲ್ಲ. ದಿಬ್ಬಗಳ ನಡುವಿನ ಒಂದು ಕಿರುದಾರಿ ಹಿಡಿದು ನೆಟ್ಟಗೆ ಆಚೆ ಬಾಯಿಗೆ ಹೋಗುತ್ತದೆ. ದಿನಗಟ್ಟಲೆ ನಿಲ್ಲಬೇಕಾದ ಕೊಳಚೆ ಗಂಟೆಗಳಲ್ಲಿ ದಾಟುತ್ತಿದೆ. ಎರಡನೇ ಹಂತದ ಅಗಲ ಹೊಂಡದ ನೀರು ದಟ್ಟ ಹಸಿರಾಗಿರಬೇಕಿತ್ತು, ಅದು ಬೂದುಗಪ್ಪಾಗಿದೆ, ಒಂದು ಮೂಲೆಯಲ್ಲಿ ನಸುಗೆಂಪು ಬಣ್ಣಕ್ಕೆ ತಿರುಗಿದೆ. ಕೊನೆಯ ಹೊಂಡದ ಮೇಲೆ ಅಂತರಗಂಗೆ ಚಾಪೆ ಹಾಸಿದಂತೆ ಕವಿದಿದೆ.

ಈ ಬಣ್ಣಗಳನ್ನು ಓದಲು ಪ್ರಯೋಗಾಲಯ ಬೇಡ. ಹಸಿರು ಎಂದರೆ ಪಾಚಿ ಇದೆ, ಪಾಚಿ ಬಿಸಿಲಲ್ಲಿ ಆಮ್ಲಜನಕ ಕೊಡುತ್ತಿದೆ, ಆ ಆಮ್ಲಜನಕ ಉಂಡು ಬ್ಯಾಕ್ಟೀರಿಯಾ ಕೊಳೆಯನ್ನು ಅರಗಿಸುತ್ತಿವೆ ಎಂದರ್ಥ. ಬೂದುಗಪ್ಪು ಎಂದರೆ ಹೊಂಡಕ್ಕೆ ಹೊತ್ತುಕೊಳ್ಳಲಾರದಷ್ಟು ಕೊಳೆ ಬರುತ್ತಿದೆ. ನಸುಗೆಂಪು ಬರುವುದು ಗಂಧಕದ ಮೇಲೆ ಬದುಕುವ ಬ್ಯಾಕ್ಟೀರಿಯಾ ಹೆಚ್ಚಿದಾಗ, ಅದು ಅತಿಭಾರದ ಗುರುತು. ಅಂತರಗಂಗೆ ಬಿಸಿಲನ್ನು ತಡೆದರೆ ಪಾಚಿಯೂ ಇಲ್ಲ, ಆಮ್ಲಜನಕವೂ ಇಲ್ಲ, ರೋಗಾಣು ಸಾಯುವುದೂ ಇಲ್ಲ. ಸೊಳ್ಳೆಗೆ ಮಾತ್ರ ಅನುಕೂಲ.

ಹೂಳಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಡೀ ವಿಷಯ ನಿಂತಿರುವುದು ಅದರ ಮೇಲೆ. 50,000 ಜನರಿರುವ ಒಂದು ಊರನ್ನು ಉದಾಹರಣೆಗೆ ಹಿಡಿಯೋಣ. ಒಳಚರಂಡಿ ಇರುವ ಪಟ್ಟಣಕ್ಕೆ ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇ 80 ಕೊಳಚೆಯಾಗಿ ಹೊರಬರುತ್ತದೆ ಎಂಬುದು ಕೇಂದ್ರದ ಕೈಪಿಡಿಯ ಲೆಕ್ಕ. ಅಂದರೆ ದಿನಕ್ಕೆ 54 ಲಕ್ಷ ಲೀಟರ್, 5.4 ಎಂಎಲ್‌ಡಿ (ಒಂದು ಎಂಎಲ್‌ಡಿ ಎಂದರೆ ದಿನಕ್ಕೆ ಹತ್ತು ಲಕ್ಷ ಲೀಟರ್). ಕೊಳೆಯ ತೀವ್ರತೆ ಅಳೆಯುವ ಬಿಒಡಿ, ಅಂದರೆ ಆ ಕೊಳೆ ಅರಗಿಸಲು ಬ್ಯಾಕ್ಟೀರಿಯಾಕ್ಕೆ ಬೇಕಾಗುವ ಆಮ್ಲಜನಕ, ತಲೆಗೆ ದಿನಕ್ಕೆ 27 ಗ್ರಾಂ. ಊರಿಗೆಲ್ಲ ಸೇರಿ 1,350 ಕಿಲೋ. ನಮ್ಮ ಸೀಮೆಯ ಬಿಸಿಲಿಗೆ, ಚೆನ್ನಾಗಿ ನಡೆಯುವ ಆಳದ ಹೊಂಡವೊಂದು ಇದರಲ್ಲಿ ಶೇ 60ರಿಂದ 70ರಷ್ಟನ್ನು ಕರೆಂಟು, ಮೋಟರು ಯಾವುದೂ ಇಲ್ಲದೆ ತೆಗೆಯುತ್ತದೆ. ಶೇ 65 ಹಿಡಿದರೂ ಮುಂದಿನ ಅಗಲ ಹೊಂಡಕ್ಕೆ ಉಳಿಯುವುದು ಸುಮಾರು 470 ಕಿಲೋ. ಆಳದ ಹೊಂಡ ಹೂಳು ತುಂಬಿ ಸತ್ತರೆ 1,350 ಕಿಲೋ ಅಷ್ಟೂ ಅಗಲ ಹೊಂಡದ ತಲೆಗೆ ಬೀಳುತ್ತದೆ, ಅಂದರೆ ಅದರ ಶಕ್ತಿಯ ಹತ್ತಿರಹತ್ತಿರ ಮೂರು ಪಟ್ಟು. ನೀರು ಕಪ್ಪಾಗಿದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಹೂಳು ಎಷ್ಟು ಬೇಗ ತುಂಬುತ್ತದೆ? ಬಿಸಿ ಪ್ರದೇಶಗಳಲ್ಲಿ ವಿನ್ಯಾಸಕ್ಕೆ ತಲೆಗೆ ವರ್ಷಕ್ಕೆ 40 ಲೀಟರ್ ಹಿಡಿಯುತ್ತಾರೆ. 50,000 ಜನಕ್ಕೆ ವರ್ಷಕ್ಕೆ 2,000 ಘನ ಮೀಟರ್. ಎರಡು ದಿನದ ಕೊಳಚೆ ಹಿಡಿಸುವ ಆಳದ ಹೊಂಡಗಳ ಒಟ್ಟು ಗಾತ್ರ 10,800 ಘನ ಮೀಟರ್. ಮೂರರಲ್ಲಿ ಒಂದು ಪಾಲು ತುಂಬಿದಾಗ ಹೂಳು ತೆಗೆಯಬೇಕು ಎಂಬುದು ನಿಯಮ, ಅಂದರೆ 3,600 ಘನ ಮೀಟರ್. ಎರಡು ವರ್ಷದೊಳಗೆ ಆ ಮಟ್ಟ ಮುಟ್ಟುತ್ತದೆ. ಹೂಳು ತೆಗೆಯುವುದು ದುರಸ್ತಿ ಕೆಲಸ ಅಲ್ಲ, ಈ ಪದ್ಧತಿಯ ದಿನಚರಿ. ನಮ್ಮ ಹೊಂಡಗಳ ಹೂಳನ್ನು ಒಮ್ಮೆಯಾದರೂ ತೆಗೆದ ಬಿಲ್ಲು, ಅಳತೆ ಪುಸ್ತಕ ಇದ್ದರೆ ದಯವಿಟ್ಟು ಪ್ರಕಟಿಸಿ. ಜೊಂಡಿನ ಎತ್ತರ ನೋಡಿದರೆ ಅಂಥ ದಾಖಲೆ ಇದ್ದಂತೆ ಕಾಣುವುದಿಲ್ಲ.

ಹೂಳು ಎಷ್ಟಿದೆ ಎಂದು ಅಳೆಯಲು ಸಮಾಲೋಚಕರನ್ನು ನೇಮಿಸಬೇಕಾಗಿಲ್ಲ. ಹೊಂಡದ ಆಳಕ್ಕಿಂತ ಉದ್ದನೆಯ ಒಂದು ಬಿದಿರು ತೆಗೆದುಕೊಳ್ಳಿ. ಅದರ ಕೆಳಗಿನ ಮೂರನೇ ಒಂದು ಭಾಗಕ್ಕೆ ಬಿಳಿ ಟವೆಲ್ ಬಿಗಿಯಾಗಿ ಸುತ್ತಿ ಕಟ್ಟಿ. ದೋಣಿಯಿಂದ ನೆಟ್ಟಗೆ ತಳ ಮುಟ್ಟುವವರೆಗೆ ನಿಧಾನ ಇಳಿಸಿ, ಸ್ವಲ್ಪ ಹೊತ್ತು ಹಿಡಿದು, ನಿಧಾನವಾಗಿಯೇ ಮೇಲೆತ್ತಿ. ತೆಳು ನೀರು ಬಟ್ಟೆಯಿಂದ ಸೋರಿ ಹೋಗುತ್ತದೆ, ಹೂಳಿನ ಕಪ್ಪು ಕಣ ದಾರದ ಎಳೆಗಳಲ್ಲಿ ಸಿಕ್ಕಿ ನಿಲ್ಲುತ್ತದೆ. ಕಪ್ಪು ಎಲ್ಲಿಯವರೆಗೆ ಏರಿದೆಯೋ ಅದೇ ಹೂಳಿನ ಎತ್ತರ, ಟೇಪು ಹಿಡಿದು ಅಳೆದರೆ ಮುಗಿಯಿತು. ಒಳಬಾಯಿಯ ಹತ್ತಿರ ಹೂಳು ಯಾವಾಗಲೂ ಹೆಚ್ಚು, ಆದ್ದರಿಂದ ಒಂದೇ ಕಡೆ ಅಳೆಯದೆ ಹೊಂಡಕ್ಕೆ ಚೌಕ ಹಾಕಿ ಹತ್ತಾರು ಕಡೆ ಅಳೆದು ಸರಾಸರಿ ತೆಗೆಯಬೇಕು. ಜಗತ್ತಿನ ಹಲವೆಡೆ ಹೊಂಡಗಳ ಹೂಳು ಅಳೆಯಲು ಬಳಸುವ ಮಾನ್ಯ ವಿಧಾನ ಇದು.

ತೆಗೆಯುವ ಕೆಲಸಕ್ಕೆ ಹೊತ್ತು ಬಹಳ ಮುಖ್ಯ. ಜನವರಿಯಲ್ಲಿ ಒಂದು ಹೊಂಡದ ಒಳಬಾಯಿ ಬಂದ್ ಮಾಡಿ, ಹರಿವನ್ನೆಲ್ಲ ಪಕ್ಕದ ಹೊಂಡಕ್ಕೆ ತಿರುಗಿಸಿ. ಮೇಲಿನ ನೀರನ್ನು ಪಂಪ್ ಹಚ್ಚಿ ಅಗಲ ಹೊಂಡಕ್ಕೆ ಸ್ವಲ್ಪಸ್ವಲ್ಪವಾಗಿ ಬಿಡಬೇಕು. ಹಳ್ಳಕ್ಕೆ ಬಿಡುವುದಂತೂ ಸಲ್ಲದು. ಫೆಬ್ರುವರಿ, ಮಾರ್ಚಿನ ಬಿಸಿಲಿಗೆ ರಾಡಿ ಬಿರಿದು ಸನಿಕೆ ನಿಲ್ಲುವ ಹದಕ್ಕೆ ಬಂದಾಗ ಜೆಸಿಬಿ ಇಳಿಸಿ, ಏಪ್ರಿಲ್ ಒಳಗೆ ಮುಗಿಸಬೇಕು. ನಮ್ಮದು ಎರೆ ನೆಲ, ಇಲ್ಲಿ ಎರಡು ಎಚ್ಚರ ಬೇಕು. ಜೆಸಿಬಿ ಬಕೆಟ್ ತಳದ ಜೇಡಿ ಪದರಕ್ಕೆ ತಾಗದಂತೆ ಆಳದ ಗುರುತು ಕಂಬ ನೆಟ್ಟುಕೊಳ್ಳಬೇಕು. ಮತ್ತೆ, ಖಾಲಿಯಾದ ಹೊಂಡವನ್ನು ಬೇಸಿಗೆಯುದ್ದಕ್ಕೂ ಹಾಗೆಯೇ ಬಿಡಬಾರದು. ಎರೆ ಮಣ್ಣು ಒಣಗಿದರೆ ಅಂಗೈ ಅಗಲ ಬಿರಿಯುತ್ತದೆ, ಆ ಬಿರುಕಿನಲ್ಲಿ ಕೊಳಚೆ ಇಳಿದು ಸುತ್ತಲಿನ ಬೋರ್‌ವೆಲ್ ಸೇರುತ್ತದೆ. ಕೆಲಸ ಮುಗಿದ ಕೂಡಲೇ ನೀರು ತುಂಬಿಸಿ. ಇನ್ನೊಂದು ಹೊಂಡದ ಸರದಿ ಮರುವರ್ಷ.

ತೆಗೆದ ಹೂಳು ಒಳ್ಳೆಯ ಗೊಬ್ಬರವೇ. ಆದರೆ ಜಂತುಹುಳುವಿನ ಮೊಟ್ಟೆ ಅದರಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಒಂದು ವರ್ಷ ಘಟಕದ ಆವರಣದಲ್ಲೇ ಒಟ್ಟಿ, ಮಳೆಗೆ ಕೊಚ್ಚಿ ಹೋಗದಂತೆ ಒಡ್ಡು ಹಾಕಿ, ಆಮೇಲೆ ಗೋವಿನಜೋಳ, ಹತ್ತಿ ಹೊಲಗಳಿಗೆ ಬಿತ್ತನೆಗೆ ಮುಂಚೆ ಕೊಡಬಹುದು. ಕಾಯಿಪಲ್ಯೆ ಮಡಿಗಳಿಗೆ ಕೊಡಬಾರದು.

ಇನ್ನು ವೆಟ್‌ವೆಲ್. ಘಟಕ ಎಷ್ಟೇ ಚೆನ್ನಾಗಿ ನಡೆದರೂ ಕೊಳಚೆ ಅಲ್ಲಿಯವರೆಗೆ ತಲುಪದಿದ್ದರೆ ಪ್ರಯೋಜನ ಏನು? ನಮ್ಮ ವೆಟ್‌ವೆಲ್‌ನಿಂದ ಹಳ್ಳಕ್ಕೆ ಇರುವ ಬೈಪಾಸ್ ಗೇಟು ತುಕ್ಕು ಹಿಡಿದು ತೆರೆದ ಸ್ಥಿತಿಯಲ್ಲೇ ನಿಂತಿದೆ. ತುರ್ತಿಗೆಂದು ಇಟ್ಟ ದಾರಿಯೇ ಈಗ ಕಾಯಂ ದಾರಿಯಾಗಿದೆ. ಎರಡು ಪಂಪ್‌ಗಳಲ್ಲಿ ಒಂದು ಮಾತ್ರ ಓಡುತ್ತದೆ. ನೀರು ತಳ್ಳುವ ಅದರ ತಿರುಗುಚಕ್ರಕ್ಕೆ (ಇಂಪೆಲ್ಲರ್) ಬಟ್ಟೆ ಚೂರು, ಕೂದಲು, ಸ್ಯಾನಿಟರಿ ಪ್ಯಾಡ್ ಸುತ್ತಿಕೊಂಡು ಮೇಲಿಂದ ಮೇಲೆ ನಿಲ್ಲುತ್ತದೆ. ಮುಂದಿನ ಜಾಲರಿಯನ್ನು ದಿನಕ್ಕೆ ಎರಡು ಸಲ ಬಾಚಿದರೆ ಈ ತಾಪತ್ರಯದ ಬಹುಪಾಲು ಇರುವುದೇ ಇಲ್ಲ. ಕರೆಂಟು ಹೋದರೆ ಏನಾಗುತ್ತದೆ ನೋಡಿ. ಮುಂಜಾನೆ ಎಲ್ಲ ಮನೆಗಳಲ್ಲಿ ಒಟ್ಟಿಗೇ ನೀರು ಬಳಸುವ ಹೊತ್ತಿನಲ್ಲಿ ಹರಿವು ಸರಾಸರಿಯ ಎರಡೂವರೆ ಪಟ್ಟಿಗೆ ಏರುತ್ತದೆ. ಮೇಲಿನ ಉದಾಹರಣೆಯ ಊರಿಗೆ ಅದು ಗಂಟೆಗೆ ಐದೂವರೆ ಲಕ್ಷ ಲೀಟರಿಗೂ ಹೆಚ್ಚು. ಕೊಳೆತು ನಾರಬಾರದೆಂದು ವೆಟ್‌ವೆಲ್‌ಗಳನ್ನು ಸುಮಾರು ಅರ್ಧ ಗಂಟೆಯ ಹರಿವಿಗಷ್ಟೇ ಕಟ್ಟಿರುತ್ತಾರೆ. ಆ ಹೊತ್ತಿಗೆ ಒಂದು ತಾಸು ಕರೆಂಟು ಇಲ್ಲ, ಜನರೇಟರ್‌ಗೆ ಡೀಸೆಲ್ ಇಲ್ಲ ಎಂದರೆ ಲಕ್ಷಾಂತರ ಲೀಟರ್ ಹಸಿ ಕೊಳಚೆ ಹಳ್ಳಕ್ಕೆ ಹೋಗಿಯೇ ಹೋಗುತ್ತದೆ. ಜನರೇಟರ್ ನಮ್ಮಲ್ಲಿ ಇದೆ, ಬ್ಯಾಟರಿ ಇಲ್ಲ.

ಮಳೆಗಾಲದಲ್ಲಿ ಚೇಂಬರ್ ಉಕ್ಕುವುದಕ್ಕೆ "ಪೈಪು ಸಣ್ಣದು" ಎಂಬ ಉತ್ತರ ಬರುತ್ತದೆ. ನಿಜವಾದ ಕಾರಣ ಮಾಳಿಗೆ ನೀರು. 30×40 ಅಡಿಯ ತಾರಸಿಯ ಮೇಲೆ ಒಂದು ತಾಸಿನಲ್ಲಿ 20 ಮಿಲಿಮೀಟರ್ ಮಳೆ ಬಿದ್ದರೆ 2,200 ಲೀಟರ್ ನೀರಾಗುತ್ತದೆ. ಐದು ಜನರ ಅದೇ ಮನೆಯ ಇಡೀ ದಿನದ ಕೊಳಚೆ 540 ಲೀಟರ್. ತಾರಸಿ ಪೈಪನ್ನು ಒಳಚರಂಡಿ ಚೇಂಬರಿಗೆ ಜೋಡಿಸಿದ ಒಂದೊಂದು ಮನೆಯೂ ಒಂದು ತಾಸಿನಲ್ಲಿ ನಾಲ್ಕು ದಿನದ ಕೊಳಚೆ ಸುರಿದಂತಾಯಿತು. ಓಣಿಯಲ್ಲಿ ನೀರು ನಿಂತಾಗ ಮುಚ್ಚಳ ಎತ್ತಿ ಮಳೆನೀರನ್ನು ಚೇಂಬರಿಗೆ ಬಿಡುವುದೂ ನಡೆದಿದೆ. ಇದು ನಾಗರಿಕರಾದ ನಮ್ಮ ಕಡೆಯ ತಪ್ಪು. ಅದನ್ನು ತಡೆಯುವ ನೋಟಿಸ್ ಕೊಡುವ ಕೆಲಸ ತಮ್ಮದು. ಬೇಸಿಗೆಯಲ್ಲಿ ತೊಂದರೆ ತಿರುವುಮುರುವಾಗುತ್ತದೆ. ಲೈನು ಹಾಕಿದ ಓಣಿಗಳಲ್ಲೇ ಎಷ್ಟೋ ಮನೆಗಳು ಇನ್ನೂ ಜೋಡಣೆಯಾಗದೆ ಬಚ್ಚಲು ನೀರನ್ನು ಗಟಾರಕ್ಕೆ ಬಿಡುತ್ತಿವೆ. ಪೈಪಿನಲ್ಲಿ ಹೊಲಸು ಕೂರದಿರಲು ನೀರು ಸೆಕೆಂಡಿಗೆ 60 ಸೆಂಟಿಮೀಟರ್ ವೇಗದಲ್ಲಾದರೂ ಹರಿಯಬೇಕು. ಅಷ್ಟು ನೀರೇ ಬಾರದಿದ್ದರೆ ಹೊಸ ಪೈಪೂ ಕಟ್ಟಿಕೊಳ್ಳುತ್ತದೆ.

ಒಳಚರಂಡಿ ಮುಟ್ಟದ ಬಡಾವಣೆಗಳ ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ಟ್ಯಾಂಕರ್‌ಗಳು ಕತ್ತಲಲ್ಲಿ ಹಳ್ಳಕ್ಕೋ ಮ್ಯಾನ್‌ಹೋಲಿಗೋ ಸುರಿದು ಹೋಗುತ್ತವೆ. ಆ ರಾಡಿ ಸಾಮಾನ್ಯ ಕೊಳಚೆಗಿಂತ ಹತ್ತಾರು ಪಟ್ಟು ತೀವ್ರ. ಎರೆ ನೆಲದಲ್ಲಿ ಇಂಗುಗುಂಡಿ ನೀರು ಕುಡಿಯುವುದಿಲ್ಲವಾದ್ದರಿಂದ ನಮ್ಮಲ್ಲಿ ಟ್ಯಾಂಕುಗಳು ಬೇಗ ತುಂಬುತ್ತವೆ, ಟ್ಯಾಂಕರ್ ಓಡಾಟವೂ ಹೆಚ್ಚು. ಇದಕ್ಕೆಂದೇ ಪ್ರತ್ಯೇಕ ಮಲತ್ಯಾಜ್ಯ ಸಂಸ್ಕರಣಾ ಘಟಕವನ್ನು ದೇವನಹಳ್ಳಿಯಲ್ಲಿ 2015ರಲ್ಲೇ ಕಟ್ಟಿ ನಡೆಸಿ ತೋರಿಸಿದ್ದಾರೆ. ನಮ್ಮ ಘಟಕದ ಆವರಣದಲ್ಲಿ ಅದಕ್ಕೆ ಒಣಗು ಮಡಿ ಹಾಕಲು ಜಾಗವಿದೆ.

ಹೊಸ ಘಟಕದ ಪ್ರಸ್ತಾವಕ್ಕೆ ನಾವು ಯಾಕೆ ತಡೆ ಕೇಳುತ್ತಿದ್ದೇವೆ ಎಂಬುದು ಈಗ ಸ್ಪಷ್ಟವಾಗಬೇಕು. ಎಸ್‌ಬಿಆರ್ ಕೆಟ್ಟ ಪದ್ಧತಿ ಅಲ್ಲ. ಜಾಗ ಕಡಿಮೆ ಇರುವ, ನುರಿತ ಸಿಬ್ಬಂದಿ ಇರುವ ನಗರಗಳಿಗೆ ಅದು ಸರಿ. ಆದರೆ ಹತ್ತು ಲಕ್ಷ ಲೀಟರ್ ಶುದ್ಧೀಕರಿಸಲು ಅದಕ್ಕೆ ಸುಮಾರು 150ರಿಂದ 200 ಯುನಿಟ್ ಕರೆಂಟು ಬೇಕು. 5.4 ಎಂಎಲ್‌ಡಿಗೆ ದಿನಕ್ಕೆ ಸುಮಾರು 810ರಿಂದ 1,080 ಯುನಿಟ್, ವರ್ಷಕ್ಕೆ ಮೂರು ಲಕ್ಷ ಯುನಿಟ್ಟಿಗೆ ಹತ್ತಿರ ಅಥವಾ ಮೀರಿ. ಗಾಳಿ ಊದುವ ಬ್ಲೋಯರ್ ಕೆಲವು ತಾಸು ನಿಂತರೆ ಅದರೊಳಗಿನ ಜೀವಾಣು ಉಸಿರುಗಟ್ಟುತ್ತವೆ, ದೀರ್ಘಕಾಲ ನಿಂತರೆ ಮತ್ತೆ ಹದಕ್ಕೆ ತರಲು ವಾರಗಳೇ ಬೇಕು. ಅದರ ಹೂಳನ್ನು ವರ್ಷಕ್ಕೊಮ್ಮೆ ಎನ್ನುವಂತಿಲ್ಲ, ಹೆಚ್ಚುಕಡಿಮೆ ದಿನಾ ತೆಗೆಯಬೇಕು. ಜಾಲರಿ ಬಾಚಲು ಜನ ಇಡದ, ಜನರೇಟರ್ ಬ್ಯಾಟರಿ ಬದಲಿಸದ ವ್ಯವಸ್ಥೆಯ ಕೈಗೆ ಇಂಥ ಯಂತ್ರ ಕೊಟ್ಟು ಏನು ನಿರೀಕ್ಷಿಸೋಣ?

ಹಳ್ಳದ ದಂಡೆಯ ರೈತರಿಗೆ ಇನ್ನೊಂದು ದೊಡ್ಡ ಕಾರಣವಿದೆ. ಬೇಸಿಗೆಯಲ್ಲಿ ಈ ಹಳ್ಳದಲ್ಲಿ ಹರಿಯುವುದು ಊರ ಕೊಳಚೆ ಮಾತ್ರ. ಅದಕ್ಕೇ ಮೋಟರ್ ಇಟ್ಟು ಕೊತ್ತಂಬರಿ, ಮೆಂತ್ಯ, ಮೂಲಂಗಿ ಬೆಳೆದು ಇದೇ ಊರ ಸಂತೆಗೆ ತರುತ್ತಾರೆ. ಹುಬ್ಬಳ್ಳಿ-ಧಾರವಾಡದ ನಾಲೆಗಳ ಉದ್ದಕ್ಕೂ ದಶಕಗಳಿಂದ ಇದೇ ನಡೆದುಬಂದಿದೆ. ಹಸಿಯಾಗಿ ತಿನ್ನುವ ಸೊಪ್ಪಿನ ಮೇಲೆ ಅತಿ ದೊಡ್ಡ ಅಪಾಯ ದುಂಡುಹುಳು, ಕೊಕ್ಕೆಹುಳುಗಳ ಮೊಟ್ಟೆಯದ್ದು. ಹೊಂಡಗಳ ಸಾಲಿನಲ್ಲಿ ನೀರು ಒಟ್ಟು 8ರಿಂದ 10 ದಿನ ನಿಂತರೆ ಆ ಮೊಟ್ಟೆಗಳು ತಮ್ಮ ಭಾರಕ್ಕೆ ತಾವೇ ತಳ ಸೇರುತ್ತವೆ. ಕೊನೆಯ ತೆಳು ಹೊಂಡದಲ್ಲಿ ಮಧ್ಯಾಹ್ನದ ಬಿಸಿಲಿಗೆ ಪಾಚಿ ಚುರುಕಾಗಿ ನೀರಿನ ಪಿಎಚ್ (ಕ್ಷಾರತೆಯ ಅಳತೆ) 9 ದಾಟುತ್ತದೆ, ಮಲಮೂಲದ ಬ್ಯಾಕ್ಟೀರಿಯಾ ಆಗ ಸಾಯುತ್ತವೆ. ಯಾಂತ್ರಿಕ ಘಟಕದಲ್ಲಿ ನೀರು ನಿಲ್ಲುವುದು ಗಂಟೆಗಳ ಲೆಕ್ಕದಲ್ಲಿ. ಅಲ್ಲಿ ರೋಗಾಣು ಕೊಲ್ಲಲು ಕ್ಲೋರಿನ್ ಹಾಕಲೇಬೇಕು, ಕ್ಲೋರಿನ್ ಮುಗಿದ ದಿನ ನೀರು ತಿಳಿಯಾಗಿ ಕಂಡರೂ ರೋಗಾಣು ಹಾಗೆಯೇ ಇರುತ್ತವೆ. ಜೊತೆಗೆ ಈ ಹಳ್ಳ ವರದಾ ನದಿಗೆ, ವರದಾ ಗಳಗನಾಥದ ಹತ್ತಿರ ತುಂಗಭದ್ರೆಗೆ ಸೇರುತ್ತದೆ. ಕೆಳಗಿನ ಊರುಗಳು ಅದೇ ನದಿಯ ನೀರು ಕುಡಿಯುತ್ತವೆ.

ಆದ್ದರಿಂದ ನಮ್ಮ ಬೇಡಿಕೆಗಳಲ್ಲಿ ಮೊದಲನೆಯದು ಅಳತೆ. ಒಳಬರುವ ಕಾಲುವೆಗೆ 90 ಡಿಗ್ರಿಯ ವಿ ಆಕಾರದಲ್ಲಿ ಕತ್ತರಿಸಿದ ಒಂದು ಉಕ್ಕಿನ ತಗಡು ಕೂರಿಸಿ, ಪಕ್ಕದಲ್ಲಿ ಸ್ಕೇಲು ಬರೆಸಿ. ವಿ ಮೂಲೆಯಿಂದ ನೀರು 20 ಸೆಂಟಿಮೀಟರ್ ಏರಿದ್ದರೆ ಹರಿವು ಸುಮಾರು 2.1 ಎಂಎಲ್‌ಡಿ, 29 ಇದ್ದರೆ 5.4. ತಾಸಿಗೊಮ್ಮೆ ನೋಡಿ ಬರೆದರೆ ಸಾಕು, ಹರಿವು ಗೊತ್ತಾಗುತ್ತದೆ. ಈ ಅಂಕಿ ಇಲ್ಲದೆ ಡಿಪಿಆರ್ ಬರೆಯುವವರು ಜನಸಂಖ್ಯೆಯನ್ನು 135ರಿಂದ ಗುಣಿಸಿ ಘಟಕದ ಗಾತ್ರ ಹೇಳುತ್ತಾರೆ, ನಿಜವಾಗಿ ಬರುವ ನೀರು ಅದರ ಅರ್ಧವೂ ಇಲ್ಲದಿರಬಹುದು. ನೀರಿನ ಮಾದರಿಯನ್ನು ಮಧ್ಯಾಹ್ನ ಒಂದು ಬಾಟಲಿ ತುಂಬಿ ಕಳಿಸದೆ, 24 ತಾಸು ಬಿಟ್ಟುಬಿಟ್ಟು ತೆಗೆದು ಕೂಡಿಸಿ ಕಳಿಸಬೇಕು. ಬ್ಯಾಕ್ಟೀರಿಯಾ ಪರೀಕ್ಷೆಯ ಮಾದರಿ ಮಾತ್ರ ಬೇರೆ, ಕ್ರಿಮಿಶುದ್ಧ ಬಾಟಲಿಯಲ್ಲಿ, ಮಂಜುಗಡ್ಡೆಯ ಮೇಲೆ, ಅದೇ ದಿನ ಪ್ರಯೋಗಾಲಯ ಮುಟ್ಟಬೇಕು. 2017ರ ಅಕ್ಟೋಬರ್ 13ರ ಕೇಂದ್ರ ಅಧಿಸೂಚನೆಯಂತೆ ನಮ್ಮಂಥ ಊರುಗಳಿಗೆ ಬಿಒಡಿ ಲೀಟರಿಗೆ 30 ಮಿಲಿಗ್ರಾಂ, ತೇಲು ಕಣ 100 ಮಿಲಿಗ್ರಾಂ, ಮಲಮೂಲದ ಕೋಲಿಫಾರಂ ಬ್ಯಾಕ್ಟೀರಿಯಾ 100 ಮಿಲಿಲೀಟರಿಗೆ 1,000 ಮೀರಬಾರದು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದಕ್ಕಿಂತ ಬಿಗಿ ಮಿತಿಗಳನ್ನು ಹೇಳಿದೆ. ಪ್ರತಿ ತಿಂಗಳ ಫಲಿತಾಂಶವನ್ನು ಪುರಸಭೆಯ ಸೂಚನಾ ಫಲಕದಲ್ಲಿ ಅಂಟಿಸಿ.

ಈ ಬೇಸಿಗೆಯಲ್ಲಿ ಒಂದು ಹೊಂಡದ ಹೂಳು ತೆಗೆಸಿ. ವೆಟ್‌ವೆಲ್‌ಗೆ ಎರಡನೇ ಪಂಪ್, ಜನರೇಟರ್ ಬ್ಯಾಟರಿ, ಡೀಸೆಲ್ ರಿಜಿಸ್ಟರ್ ಮಾಡಿಸಿ, ಬೈಪಾಸ್ ಗೇಟಿಗೆ ಬೀಗ ಹಾಕಿ, ತೆರೆದ ಪ್ರತಿ ಸಲವೂ ಸಮಯ ಮತ್ತು ಕಾರಣ ಬರೆಯುವ ಪದ್ಧತಿ ತನ್ನಿ. ಸೆಪ್ಟಿಕ್ ಟ್ಯಾಂಕರ್‌ಗಳನ್ನು ನೋಂದಾಯಿಸಿ, ಸುರಿಯುವ ಜಾಗ ಗೊತ್ತುಮಾಡಿ. ಜೋಡಣೆಯಾಗದ ಮನೆಗಳಿಗೆ ಕಂತಿನಲ್ಲಿ ಶುಲ್ಕ ಕಟ್ಟುವ ಅವಕಾಶ ಕೊಡಿ.

ಇದೆಲ್ಲದರ ನಡುವೆ ಯಾವ ರಿಯಾಯಿತಿಯೂ ಇಲ್ಲದ ಒಂದು ಮಾತಿದೆ. ಪಂಪ್ ಕಟ್ಟಿಕೊಂಡು ನಿಂತಾಗ ಪೌರಕಾರ್ಮಿಕರನ್ನು ವೆಟ್‌ವೆಲ್‌ಗಾಗಲಿ ಮ್ಯಾನ್‌ಹೋಲಿಗಾಗಲಿ ಇಳಿಸಬೇಡಿ. ರಕ್ಷಣಾ ಸಾಧನಗಳಿಲ್ಲದೆ ಹಾಗೆ ಇಳಿಸುವುದನ್ನು ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ನಿಷೇಧಿಸಿದೆ. ಸತ್ತರೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದರೆ ನಾವು ಕೇಳುತ್ತಿರುವುದು ಪರಿಹಾರದ ಮಾತಲ್ಲ. ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಅನಿಲ ಹೆಚ್ಚಾದಾಗ ಮೂಗಿಗೆ ಅದರ ವಾಸನೆಯೇ ತಿಳಿಯದಂತಾಗುತ್ತದೆ. "ವಾಸನೆ ಇಲ್ಲ, ಇಳಿ" ಎಂದು ಹೇಳುವ ಮೇಸ್ತ್ರಿಗೆ ಇದು ಗೊತ್ತಿರುವುದಿಲ್ಲ. ಪಂಪ್‌ಗಳನ್ನು ಸರಪಳಿ ಮತ್ತು ಚೈನ್‌ಬ್ಲಾಕ್‌ನಿಂದ ಮೇಲೆತ್ತುವ ಗೈಡ್ ರೈಲು ಹಾಕಿಸಿದರೆ ಯಾರೂ ಇಳಿಯುವ ಪ್ರಮೇಯವೇ ಬರುವುದಿಲ್ಲ.

ಒಂದು ವರ್ಷ ಹೀಗೆ ನಡೆಸಿ, ಅಳೆದು, ಆಗಲೂ ಹೊಂಡಗಳ ನೀರು ಮಿತಿಯೊಳಗೆ ಬಾರದಿದ್ದರೆ ಹೊಸ ಘಟಕದ ಪ್ರಸ್ತಾವಕ್ಕೆ ನಾವೇ ಸಹಿ ಹಾಕುತ್ತೇವೆ. ಹೂಳು ಅಳೆಯುವ ದಿನ ಗೊತ್ತುಮಾಡಿ ತಿಳಿಸಿದರೆ ದೋಣಿ ಮತ್ತು ಜನರೊಂದಿಗೆ ಬಂದು ತಮ್ಮ ಪರಿಸರ ಅಭಿಯಂತರರ ಎದುರಿಗೇ ಅಳೆದುಕೊಡಲು ಸಿದ್ಧರಿದ್ದೇವೆ. ಈ ಪತ್ರವನ್ನು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಸೇರಿಸಿ, ಪ್ರತಿ ಬೇಡಿಕೆಗೂ ಆಗುತ್ತದೆ ಅಥವಾ ಆಗುವುದಿಲ್ಲ ಎಂಬ ಉತ್ತರವನ್ನು ಕಾರಣಸಹಿತ ನಡಾವಳಿಯಲ್ಲಿ ದಾಖಲಿಸಬೇಕೆಂದು ಕೋರುತ್ತೇವೆ.

ಗೌರವಪೂರ್ವಕ ವಂದನೆಗಳೊಂದಿಗೆ,

ಪಟ್ಟಣದ ನಾಗರಿಕರು ಮತ್ತು ಹಳ್ಳದ ದಂಡೆಯ ರೈತರು